ಸಾಹೇಬರ ಮಿಜಾಜು, ಗುಮಾಸ್ತನ ಗುಸ್ಸಾ

ಸರ್ಕಾರಿ ಕಚೇರಿಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಂತವರು ಒಳಗಿಂದ ಬರುವ ಜವಾನನನ್ನು ತಡೆದು ಮೆಲುದನಿಯಲ್ಲಿ ಕೇಳುವ ಪ್ರಶ್ನೆಯೊಂದಿದೆ: 'ಸಾಹೇಬರ ಮಿಜಾಜು ಇವತ್ತು ಹೇಗಿದೆ?' ಅರ್ಜಿಯನ್ನು ಈಗಲೇ ಮುಂದಿಡಬೇಕೋ, ಮಧ್ಯಾಹ್ನದ ಊಟ ಮುಗಿಯುವ ತನಕ ಕಾಯಬೇಕೋ, ಇಲ್ಲವೇ ಸುಮ್ಮನೆ ಬಸ್ಸು ಹತ್ತಿ ಊರಿಗೆ ಮರಳಬೇಕೋ ಎಂಬುದು ಜವಾನನ ಉತ್ತರದ ಮೇಲೆ ನಿಂತಿರುತ್ತದೆ. ಆ ಜವಾನ ಮನಶ್ಶಾಸ್ತ್ರ ಓದಿದವನಲ್ಲ. ಆದರೆ ಕರೆಗಂಟೆ ಬಾರಿಸಿದ ರೀತಿ, ಕಡತ ಮೇಜಿನ ಮೇಲೆ ಬಿದ್ದ ಸದ್ದು, ಚಹಾದ ಲೋಟ ಅರ್ಧಕ್ಕೇ ಹಿಂತಿರುಗಿದ್ದು, ಇಷ್ಟರಿಂದಲೇ ಆತ ಒಳಗಿನ ಹವೆಯನ್ನು ಅಳೆಯಬಲ್ಲ. ದೊಡ್ಡ ಕಂಪನಿಗಳು ದುಡ್ಡು ಸುರಿದು ತಮ್ಮ ನೌಕರರಿಗೆ ಕಲಿಸುವ 'ಎಮೋಷನಲ್ ಇಂಟೆಲಿಜೆನ್ಸ್' ಅಥವಾ ಭಾವನಾತ್ಮಕ ಬುದ್ಧಿವಂತಿಕೆ ಎಂಬ ವಿದ್ಯೆಯನ್ನು ಈತ ಹೊಟ್ಟೆಪಾಡಿಗಾಗಿ ತಾನೇ ಕಲಿತಿದ್ದಾನೆ. ಕಲಿಯದಿದ್ದರೆ ಅವನಿಗೆ ಉಳಿಗಾಲವಿಲ್ಲ. ಒಳಗೆ ಕುಳಿತ ಸಾಹೇಬರಿಗೆ ಮಾತ್ರ ಅದನ್ನು ಕಲಿಯದೆಯೂ ಕೆಲಸ ನಡೆಯುತ್ತದೆ.

ಈ 'ಮಿಜಾಜು' ಎಂಬ ಪದದ ಬೆನ್ನುಹತ್ತಿ ಹೋದರೆ ಅದು ನಮ್ಮನ್ನು ಬಹಳ ದೂರ ಕರೆದೊಯ್ಯುತ್ತದೆ. ಅರಬ್ಬಿಯಲ್ಲಿ ಮಿಜಾಜ್ ಎಂದರೆ ಬೆರಕೆ, ಮಿಶ್ರಣ. ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ದ್ರವಗಳು ದೇಹದಲ್ಲಿ ಯಾವ ಪ್ರಮಾಣದಲ್ಲಿ ಬೆರೆತಿವೆಯೋ ಅದರ ಮೇಲೆ ಮನುಷ್ಯನ ಆರೋಗ್ಯವೂ ಸ್ವಭಾವವೂ ನಿಂತಿದೆ ಎಂದು ಯುನಾನಿ ವೈದ್ಯರು ತಿಳಿದಿದ್ದರು. ಹಕೀಮರು 'ಜಾಲೀನೂಸ್' ಎಂದು ಗೌರವದಿಂದ ಕರೆಯುವ ಗ್ರೀಕ್ ವೈದ್ಯ ಗ್ಯಾಲೆನ್ ಈ ಸಿದ್ಧಾಂತವನ್ನು ಬೆಳೆಸಿದವನು. ಅವನ ವೈದ್ಯಶಾಸ್ತ್ರದ ಪರಿಭಾಷೆ ಬಾಗ್ದಾದಿಗೆ ಬಂದು, ಇರಾನಿಗೆ ಹೋಗಿ, ಪಾರಸಿಯ ಕೈಹಿಡಿದು ದಖನ್ನಿನ ದರ್ಬಾರುಗಳಿಗೆ ಇಳಿದು, ಕೊನೆಗೆ ನಮ್ಮ ತಾಲೂಕು ಕಚೇರಿಯ ಜವಾನನ ಬಾಯಿಗೆ ಬಂದಿದೆ. ದಫ್ತರು, ಗುಮಾಸ್ತ, ಶಿರಸ್ತೇದಾರ, ಹುಕುಂ, ಖಜಾನೆ, ಅರ್ಜಿ, ಜವಾನ, ಎಲ್ಲವೂ ಹೀಗೆ ಬಂದ ನೆಂಟರೇ. ಉರ್ದುವಿನಲ್ಲಿ 'ರಾಜೀನಾಮಾ' ಎಂದರೆ ಎರಡು ಕಡೆಯವರು ಒಪ್ಪಿ ಬರೆದುಕೊಟ್ಟ ಪತ್ರ. ಕನ್ನಡದಲ್ಲಿ ಅದು ಕೆಲಸ ಬಿಟ್ಟುಹೋಗುವವನು ಬರೆದುಕೊಡುವ ಪತ್ರ. ಎಷ್ಟು ರಾಜೀನಾಮೆಗಳಲ್ಲಿ ನಿಜವಾದ 'ರಾಜಿ' ಇರುತ್ತದೆ ಎಂಬುದು ಕೊಟ್ಟವರಿಗೆ ಗೊತ್ತು.

ಉರ್ದು ಮಾತನಾಡುವವರು ಎದುರಾದ ಯಾರನ್ನಾದರೂ 'ಮಿಜಾಜ್ ಶರೀಫ್?' ಎಂದು ವಿಚಾರಿಸುತ್ತಾರೆ. ಅದು ಕೇವಲ ಕ್ಷೇಮ ಕೇಳುವ ಮಾತು. ಆದರೆ ನಮ್ಮ ಕಚೇರಿಗಳಲ್ಲಿ ಮಿಜಾಜು ಮೇಲಿನವರ ಸೊತ್ತು. ಸಾಹೇಬರಿಗೆ ಮಿಜಾಜಿದ್ದರೆ ಅದು ಹವಾಮಾನದಂತೆ, ಎಲ್ಲರೂ ಕೊಡೆ ಹಿಡಿಯಬೇಕು. ಗುಮಾಸ್ತನಿಗೆ ಮಿಜಾಜಿದ್ದರೆ ಅದು ಸೊಕ್ಕು: 'ಅವನ ಮಿಜಾಜು ನೋಡಿ!' ಹಾಗಾದರೆ ಗುಮಾಸ್ತನ ಪಾಲಿಗೆ ಏನು ಉಳಿಯುತ್ತದೆ? ಇನ್ನೊಂದು ಪದವಿದೆ, 'ಗುಸ್ಸಾ'. ಅರಬ್ಬಿಯಲ್ಲಿ ಇದರ ಮೂಲಾರ್ಥ ಗಂಟಲಲ್ಲಿ ಸಿಕ್ಕಿಕೊಂಡದ್ದು, ಉಸಿರು ಕಟ್ಟಿಸುವಂಥದ್ದು. ಪಾರಸಿಯಲ್ಲಿ ಅದೇ ಪದಕ್ಕೆ ದುಃಖ, ಕೊರಗು ಎಂಬ ಅರ್ಥ. ಉರ್ದುವಿಗೆ ಬಂದಾಗ ಅದು ಸಿಟ್ಟು. ಒಂದೇ ಪದದೊಳಗೆ ಉಸಿರುಗಟ್ಟುವಿಕೆ, ದುಃಖ, ಸಿಟ್ಟು ಮೂರೂ ಇವೆ. ಬೈಸಿಕೊಂಡು ಹೊರಬಂದು ಮೆಟ್ಟಿಲ ಮೇಲೆ ನಿಂತ ನೌಕರನ ಗಂಟಲಲ್ಲಿ ಇರುವುದು ಇವುಗಳಲ್ಲಿ ಯಾವುದು ಎಂದು ಬಿಡಿಸಿ ಹೇಳುವುದು ಕಷ್ಟ.

ಕೆಲಸದ ಜಾಗದಲ್ಲಿ ಭಾವನೆಗಳನ್ನು ಹತೋಟಿಯಲ್ಲಿಡಬೇಕು ಎಂದು ಇಂದು ಎಲ್ಲರೂ ಹೇಳುತ್ತಾರೆ. ಯಾರ ಭಾವನೆಯನ್ನು ಯಾರು ಹತೋಟಿಯಲ್ಲಿಡಬೇಕು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಆ ಪ್ರಶ್ನೆಗೆ ಒಂದು ಚರಿತ್ರೆಯಿದೆ.

ಗ್ಯಾಲೆನ್ನಿಂದಲೇ ಆರಂಭಿಸೋಣ. ಎರಡನೆಯ ಶತಮಾನದಲ್ಲಿ ಬಾಳಿದ ಈ ವೈದ್ಯ ಮನಸ್ಸಿನ ವಿಕಾರಗಳ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ಸಿಟ್ಟಿಗೇ ಹೆಚ್ಚಿನ ಜಾಗ. ತಾನು ಯುವಕನಾಗಿದ್ದಾಗ ಕಂಡ ಒಬ್ಬ ಮನುಷ್ಯನ ಕತೆಯನ್ನು ಅಲ್ಲಿ ಹೇಳುತ್ತಾನೆ. ಆತ ಅವಸರದಲ್ಲಿ ಬಾಗಿಲು ತೆರೆಯಲು ಹೋಗಿದ್ದಾನೆ, ತೆರೆದುಕೊಳ್ಳಲಿಲ್ಲ. ಬೀಗದ ಕೈಯನ್ನು ಕಚ್ಚಿದ, ಬಾಗಿಲಿಗೆ ಒದ್ದ, ದೇವರುಗಳನ್ನು ಬೈದ, ಹುಚ್ಚನಂತೆ ಕಣ್ಣು ಕೆಂಪಗೆ ಮಾಡಿದ. ಅಂದಿನಿಂದ ಸಿಟ್ಟೆಂದರೆ ತನಗೆ ಹೇಸಿಗೆಯಾಯಿತು ಎನ್ನುತ್ತಾನೆ ಗ್ಯಾಲೆನ್. ತನ್ನ ತಾಯಿಯ ಬಗ್ಗೆಯೂ ಮುಚ್ಚುಮರೆಯಿಲ್ಲದೆ ಬರೆಯುತ್ತಾನೆ. ಆಕೆಗೆ ಸಿಟ್ಟು ಬಂದರೆ ಮನೆಯ ಆಳು ಹೆಣ್ಣುಗಳನ್ನು ಕಚ್ಚುತ್ತಿದ್ದಳಂತೆ. ತಂದೆ ಶಾಂತ ಸ್ವಭಾವದವನು. ಆಳುಗಳ ಬಾಯಿಗೆ ಗುದ್ದಿ ತಮ್ಮ ಕೈಯನ್ನೇ ಊದಿಸಿಕೊಂಡ ಗೆಳೆಯರಿಗೆ ಆತ, ಸ್ವಲ್ಪ ಹೊತ್ತು ತಡೆದು, ಆಮೇಲೆ ಯೋಚಿಸಿ ಶಿಕ್ಷೆ ಕೊಡಬಹುದಿತ್ತಲ್ಲ ಎಂದು ಬುದ್ಧಿ ಹೇಳುತ್ತಿದ್ದನಂತೆ.

ಇದೇ ಪುಸ್ತಕದಲ್ಲಿ ರೋಮಿನ ಚಕ್ರವರ್ತಿ ಹೇಡ್ರಿಯನ್ನನ ಕತೆಯೂ ಇದೆ. ಹೇಡ್ರಿಯನ್ ಸಿಟ್ಟಿನ ಭರದಲ್ಲಿ ಕೈಯಲ್ಲಿದ್ದ ಲೇಖನಿಯಿಂದ ತನ್ನ ಸೇವಕನೊಬ್ಬನ ಕಣ್ಣಿಗೆ ಚುಚ್ಚಿಬಿಟ್ಟ. ಸೇವಕನ ಒಂದು ಕಣ್ಣು ಹೋಯಿತು. ಸಿಟ್ಟಿಳಿದ ಮೇಲೆ ಚಕ್ರವರ್ತಿಗೆ ಕೆಡುಕೆನಿಸಿ, ಅವನನ್ನು ಕರೆಸಿ, ಏನು ಬೇಕೋ ಕೇಳು ಕೊಡುತ್ತೇನೆ ಎಂದ. ಸೇವಕ ಸುಮ್ಮನಿದ್ದ. ಮತ್ತೆ ಒತ್ತಾಯಿಸಿದಾಗ, ತನಗೆ ಬೇರೇನೂ ಬೇಡ, ತನ್ನ ಕಣ್ಣು ಬೇಕು ಎಂದ.

ಕಚೇರಿಯ ಸಿಟ್ಟಿನ ಬಗ್ಗೆ ಇದಕ್ಕಿಂತ ಚಿಕ್ಕ, ಇದಕ್ಕಿಂತ ದೊಡ್ಡ ಕತೆ ನನಗೆ ಗೊತ್ತಿಲ್ಲ. ಬರೆಯಲು ಇರುವ ಲೇಖನಿ ಅಲ್ಲಿ ಆಯುಧವಾಗಿದೆ. ಪಶ್ಚಾತ್ತಾಪ ನಿಜವಾದದ್ದೇ, ಕೊಡುವ ಕೈಯೂ ದೊಡ್ಡದೇ. ಆದರೆ ಕಣ್ಣು ಬರುವುದಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಎಲ್ಲರೆದುರು ಅವಮಾನಿಸಿ, ಸಂಜೆ ಕರೆದು ಭುಜ ತಟ್ಟುವ ಮೇಲಧಿಕಾರಿಗಳು ಈ ಕತೆಯನ್ನು ಓದಬೇಕು.

ಗ್ಯಾಲೆನ್ ಬರೆದದ್ದು ಆಳುಗಳ ಒಡೆಯರಿಗೆ. ಆಳುಗಳ ಜಾಗದಲ್ಲಿ ನಿಂತು, ಮೇಲಿನವರ ಸ್ವಭಾವವನ್ನು ಹೇಗೆ ನಿಭಾಯಿಸಬೇಕು ಎಂದು ಬರೆದವನು ಒಬ್ಬ ಕಚೇರಿ ಬರಹಗಾರ. ಉಮಯ್ಯದ್ ವಂಶದ ಕೊನೆಯ ಖಲೀಫ ಎರಡನೆಯ ಮರ್ವಾನನ ಕಾರ್ಯದರ್ಶಿಯಾಗಿದ್ದ ಅಬ್ದುಲ್ ಹಮೀದ್ ಅಲ್ ಕಾತಿಬ್ ತನ್ನ ವೃತ್ತಿಯವರಿಗೆ ಒಂದು ದೀರ್ಘ ಪತ್ರ ಬರೆದ. ಆರುನೂರಕ್ಕೂ ಹೆಚ್ಚು ವರ್ಷಗಳ ನಂತರ ಇತಿಹಾಸಕಾರ ಇಬ್ನ್ ಖಲ್ದೂನ್ ಅದನ್ನು ತನ್ನ 'ಮುಖದ್ದಿಮಾ'ದಲ್ಲಿ ಪೂರ್ತಿಯಾಗಿ ಸೇರಿಸಿಕೊಂಡ. ಕುದುರೆಯನ್ನು ನೋಡಿಕೊಳ್ಳುವ ಜಾಣ ಮೊದಲು ಅದರ ಗುಣ ತಿಳಿಯುತ್ತಾನೆ. ಓಡುವ ಕುದುರೆಯನ್ನು ಕೆಣಕುವುದಿಲ್ಲ, ಒದೆಯುವ ಕುದುರೆಯ ಕಾಲುಗಳ ಮೇಲೆ ನಿಗಾ ಇಡುತ್ತಾನೆ. ಮನುಷ್ಯರೊಡನೆ ವ್ಯವಹರಿಸುವ ಬರಹಗಾರನಿಗೆ ಇನ್ನೂ ಹೆಚ್ಚಿನ ನಯ ಬೇಕು ಎಂಬುದು ಅವನ ಸಲಹೆ. ನಮ್ಮ ಜವಾನನ ವಿದ್ಯೆಯೇ ಇದು.

ಆದರೆ ಅಬ್ದುಲ್ ಹಮೀದ್ ಅಷ್ಟಕ್ಕೇ ನಿಲ್ಲುವುದಿಲ್ಲ. ಬರಹಗಾರರು ಒಬ್ಬರಿಗೊಬ್ಬರು ಆಸರೆಯಾಗಿರಬೇಕು ಎನ್ನುತ್ತಾನೆ. ಸಹೋದ್ಯೋಗಿಗೆ ಕೆಟ್ಟ ದಿನ ಬಂದರೆ ಅವನು ಮತ್ತೆ ಎದ್ದು ನಿಲ್ಲುವ ತನಕ ಕೈಬಿಡಬಾರದು. ಮುಪ್ಪಿನಿಂದ ಕೆಲಸ ಮಾಡಲಾಗದೆ ಮನೆಯಲ್ಲಿ ಕುಳಿತವನನ್ನು ಹೋಗಿ ಕಾಣಬೇಕು, ಅವನ ಅನುಭವದ ಸಹಾಯ ಪಡೆಯಬೇಕು. ನಿವೃತ್ತಿಯ ದಿನ ಶಾಲು ಹೊದಿಸಿ, ಮಾರನೆಯ ದಿನದಿಂದ ಮರೆತುಬಿಡುವ ನಮ್ಮ ಕಚೇರಿಗಳಿಗೆ ಎಂಟನೆಯ ಶತಮಾನದ ಈ ಮಾತು ಹೊಸದಾಗಿಯೇ ಕೇಳಿಸುತ್ತದೆ. 750ರಲ್ಲಿ ಉಮಯ್ಯದ್ ಆಳ್ವಿಕೆ ಉರುಳಿದಾಗ ಅಬ್ದುಲ್ ಹಮೀದನೂ ಪ್ರಾಣ ಕಳೆದುಕೊಂಡ. ಅವನ ಪತ್ರ ಉಳಿಯಿತು.

ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ಕ್ರೈಸ್ತ ವೈದ್ಯ ಹುನೈನ್ ಇಬ್ನ್ ಇಸ್‌ಹಾಕ್ ಮತ್ತು ಅವನ ಸಂಗಡಿಗರು ಗ್ಯಾಲೆನ್ನನ ಗ್ರಂಥಗಳನ್ನು ಸಿರಿಯಾಕ್ ಮತ್ತು ಅರಬ್ಬಿ ಭಾಷೆಗಳಿಗೆ ತಂದರು. ಅದರ ನಂತರ ಮನಸ್ಸಿನ ಆರೋಗ್ಯದ ಬಗ್ಗೆ ಬರೆದವರಲ್ಲಿ ಅಬೂ ಜೈದ್ ಅಲ್ ಬಲ್ಖಿ (850–934) ಮುಖ್ಯನಾದವನು. ದೇಹಕ್ಕೆ ಜ್ವರ ಬರುವಂತೆ ಮನಸ್ಸಿಗೂ ಕಾಯಿಲೆಗಳು ಬರುತ್ತವೆ ಎಂದ ಅವನು ಸಿಟ್ಟು, ಭಯ, ದುಃಖ, ಬಿಡದೆ ಕಾಡುವ ಯೋಚನೆ ಇವುಗಳನ್ನು ಒಂದೊಂದಾಗಿ ವಿವರಿಸುತ್ತಾನೆ. ಅವನ ಒಂದು ಉಪಾಯ ಸರಳವಾದದ್ದು. ಮನೆಯಲ್ಲಿ ತುರ್ತಿಗೆಂದು ಔಷಧಿ ತಂದಿಡುತ್ತೇವಲ್ಲ, ಹಾಗೆ ಮನಸ್ಸು ಶಾಂತವಾಗಿರುವಾಗಲೇ ಒಳ್ಳೆಯ ಯೋಚನೆಗಳನ್ನು ಸಿದ್ಧಮಾಡಿಟ್ಟುಕೊಳ್ಳಬೇಕು. ಸಿಟ್ಟು ಬಂದ ಮೇಲೆ ಔಷಧಿ ಹುಡುಕಲು ಹೋಗಬಾರದು.

ಬಲ್ಖಿಯ ನಂತರ ಬಂದ ಮಿಸ್ಕವೈಹ್ (ಸುಮಾರು 932–1030) ಸ್ವತಃ ಕಚೇರಿಯ ಮನುಷ್ಯ. ಬುವೈಹಿ ದೊರೆಗಳ ವಜೀರರ ಬಳಿ ಕಾರ್ಯದರ್ಶಿಯಾಗಿ, ಗ್ರಂಥಪಾಲಕನಾಗಿ, ಆಮೇಲೆ ಖಜಾನೆಯ ಅಧಿಕಾರಿಯಾಗಿ ದುಡಿದವನು. ರಯ್ ಪಟ್ಟಣದಲ್ಲಿ ವಜೀರ ಇಬ್ನುಲ್ ಅಮೀದನ ಮನೆಗೆ ದಾಳಿಕೋರರು ನುಗ್ಗಿ ಕುಳಿತುಕೊಳ್ಳಲು ಹಾಸಿಗೆಯೂ ಉಳಿಯದಂತೆ ದೋಚಿದಾಗ ವಜೀರನಿಗಿದ್ದ ಒಂದೇ ಚಿಂತೆ ಪುಸ್ತಕಗಳದ್ದು. ಅವು ಇದ್ದಂತೆಯೇ ಇವೆ ಎಂದು ಗ್ರಂಥಪಾಲಕ ತಿಳಿಸಿದಾಗ ಅವನ ಮುಖ ಅರಳಿತಂತೆ. ಇದನ್ನು ಮಿಸ್ಕವೈಹ್ ತನ್ನ ಇತಿಹಾಸ ಗ್ರಂಥದಲ್ಲಿ ಪ್ರೀತಿಯಿಂದ ನೆನೆಯುತ್ತಾನೆ. ದೊಡ್ಡವರ ಸಿಟ್ಟನ್ನೂ ಸಂಕಟವನ್ನೂ ಅಷ್ಟು ಹತ್ತಿರದಿಂದ ಕಂಡವನು ಬರೆದದ್ದು 'ತಹಜೀಬುಲ್ ಅಖ್ಲಾಕ್', ಅಂದರೆ ನಡತೆಯನ್ನು ಹಸನುಗೊಳಿಸುವ ಪುಸ್ತಕ. ಸಿಟ್ಟೇ ಇಲ್ಲದ ಮನುಷ್ಯ ಒಳ್ಳೆಯವನೆಂದು ಅವನು ಹೇಳುವುದಿಲ್ಲ. ಸಿಟ್ಟು ಪೂರಾ ಬತ್ತಿದರೆ ಹೇಡಿತನ, ಉಕ್ಕಿದರೆ ದುಡುಕು. ಎರಡರ ನಡುವಿನ ಹದವೇ ಧೈರ್ಯ. ಸಿಟ್ಟಿನ ಬೇರುಗಳನ್ನು ಹುಡುಕುತ್ತ ಅವನು ಒಣಹೆಮ್ಮೆ, ವಾದದ ಹಟ, ಗೇಲಿ, ಅನ್ಯಾಯ ಎಂದು ಪಟ್ಟಿಮಾಡುತ್ತಾನೆ. ಸಿಟ್ಟು ತನಗಿಂತ ದುರ್ಬಲರ ಕಡೆಗೇ ಹರಿಯುತ್ತದೆ ಎಂಬುದನ್ನೂ ಗುರುತಿಸುತ್ತಾನೆ: ಆಳುಗಳ ಮೇಲೆ, ಹೆಂಗಸರ ಮೇಲೆ, ಮೂಕ ಪ್ರಾಣಿಗಳ ಮೇಲೆ, ಕೊನೆಗೆ ತೆರೆಯದ ಬೀಗವನ್ನು ಕಚ್ಚುವ ತನಕ. ಗ್ಯಾಲೆನ್ ಕಂಡ ಬೀಗದ ಕೈ ಸುಮಾರು ಎಂಟುನೂರು ವರ್ಷ ಪ್ರಯಾಣ ಮಾಡಿ ಇಲ್ಲಿಗೆ ಬಂದಿದೆ.

ಮಿಸ್ಕವೈಹನ ಪುಸ್ತಕವನ್ನು ಆಧಾರವಾಗಿಟ್ಟುಕೊಂಡು ನಸೀರುದ್ದೀನ್ ತೂಸಿ 1235ರಲ್ಲಿ ಪಾರಸಿಯಲ್ಲಿ 'ಅಖ್ಲಾಕೆ ನಾಸಿರಿ' ಬರೆದ. ಹದಿನೈದನೆಯ ಶತಮಾನದಲ್ಲಿ ಜಲಾಲುದ್ದೀನ್ ದವಾನಿ ಅದೇ ದಾರಿಯಲ್ಲಿ 'ಅಖ್ಲಾಕೆ ಜಲಾಲಿ' ಬರೆದ. ಈ ದವಾನಿ ತನ್ನ ಇನ್ನೊಂದು ಗ್ರಂಥವನ್ನು ಅರ್ಪಿಸಿದ್ದು ಯಾರಿಗೆ ಗೊತ್ತೇ? ನಮ್ಮ ಬೀದರಿನ ವಜೀರ ಮಹಮೂದ್ ಗಾವಾನನಿಗೆ. ಇರಾನಿನ ಗೀಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಗಾವಾನ್ ಪತ್ರಲೇಖನದ ಬಗ್ಗೆಯೇ ಪುಸ್ತಕ ಬರೆದಿದ್ದ. ಕವಿ ಜಾಮಿಯೊಂದಿಗೆ ಪತ್ರವ್ಯವಹಾರವಿಟ್ಟುಕೊಂಡಿದ್ದ. 1472ರಲ್ಲಿ ಬೀದರಿನಲ್ಲಿ ಮದರಸಾ ಕಟ್ಟಿಸಿದ. ನಾಲ್ಕು ಪ್ರಾಂತಗಳನ್ನು ಎಂಟು ಮಾಡಿ ಪ್ರಾಂತಾಧಿಕಾರಿಗಳ ಬಲ ಕುಗ್ಗಿಸಿದ. ಹಾಗೆ ಬಲ ಕಳೆದುಕೊಂಡವರು ಅವನ ಮೇಲೆ ಹಲ್ಲು ಮಸೆಯುತ್ತಿದ್ದರು.

1481ರಲ್ಲಿ ನಡೆದದ್ದನ್ನು ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫಿರಿಶ್ತಾ ಮುಂದೆ ವಿವರವಾಗಿ ಬರೆದ. ವಿರೋಧಿಗಳು ಗಾವಾನನ ಮೊಹರು ಕಾಯುವವನನ್ನು ಬಲೆಗೆ ಹಾಕಿ ಖಾಲಿ ಹಾಳೆಯೊಂದಕ್ಕೆ ಮೊಹರು ಒತ್ತಿಸಿಕೊಂಡರು. ಅದರ ಮೇಲೆ ಒಡಿಶಾದ ರಾಜನಿಗೆ ಗಾವಾನನೇ ಬರೆದಂತೆ ರಾಜದ್ರೋಹದ ಪತ್ರ ಬರೆದು, ಸುಲ್ತಾನ್ ಮೂರನೆಯ ಮುಹಮ್ಮದ್ ಶಾಹ ಕುಡಿದ ಹೊತ್ತು ನೋಡಿ ಮುಂದಿಟ್ಟರು. ಅವರೂ ಸಾಹೇಬರ ಮಿಜಾಜು ಓದಬಲ್ಲವರೇ. ಸುಲ್ತಾನ ದಂಡಯಾತ್ರೆಯ ಶಿಬಿರಕ್ಕೆ ಮುದಿ ವಜೀರನನ್ನು ಕರೆಸಿದ. ಮೊಹರು ನನ್ನದು, ಬರಹ ನನ್ನದಲ್ಲ ಎಂದ ಗಾವಾನ್. ವಿಚಾರಣೆ ನಡೆಯಲಿಲ್ಲ. ಹುಕುಂ ಹೊರಟಿತು, ಕತ್ತಿ ಬಿತ್ತು. ಅಂದು ಏಪ್ರಿಲ್ 5.

ಮತ್ತೇರಿದ ಸಿಟ್ಟು ಇಳಿದ ಮೇಲೆ ಸತ್ಯ ಹೊರಬಿತ್ತು. ವಜೀರ ಕೂಡಿಟ್ಟ ಸಂಪತ್ತೆಂಬುದೂ ಇರಲಿಲ್ಲ. ಸುಲ್ತಾನ ಕೊರಗಿದ, ಇನ್ನಷ್ಟು ಕುಡಿದ, ಮರುವರ್ಷವೇ ಸತ್ತ. ಕೆಲವೇ ದಶಕಗಳಲ್ಲಿ ಬಹಮನಿ ರಾಜ್ಯ ಐದು ಹೋಳಾಯಿತು. ಹೋಳಾಗಲು ಬೇರೆ ಕಾರಣಗಳೂ ಇದ್ದವು, ದಖನಿಗಳು ಮತ್ತು ಹೊರಗಿನಿಂದ ಬಂದವರ ಜಗಳ ಹಳೆಯದು. ಆದರೂ ಆ ಒಂದು ಸಂಜೆ ಸಿಟ್ಟಿಗೂ ಹುಕುಮಿಗೂ ನಡುವೆ ಒಂದು ರಾತ್ರಿಯ ಬಿಡುವು ಇದ್ದಿದ್ದರೆ ಗಾವಾನ್ ಬದುಕುತ್ತಿದ್ದ. ನೀತಿಗ್ರಂಥಗಳು ಓಡಾಡುತ್ತಿದ್ದ ದರ್ಬಾರಿನಲ್ಲಿಯೇ ಇದು ನಡೆಯಿತು ಎಂಬುದನ್ನು ಮರೆಯುವಂತಿಲ್ಲ. ಕಪಾಟಿನಲ್ಲಿದ್ದ ಪುಸ್ತಕ ಕತ್ತಿಯನ್ನು ತಡೆಯಲಿಲ್ಲ.

ಅಕ್ಬರನ ಕತೆ ಇದಕ್ಕೆ ಹೋಲಿಸಿ ನೋಡುವಂಥದ್ದು. 1562ರಲ್ಲಿ ಅವನ ಸಾಕುತಾಯಿಯ ಮಗ ಆಧಮ್ ಖಾನ್, ಅರಮನೆಯಲ್ಲಿ ರಾಜ್ಯದ ಕೆಲಸ ನೋಡುತ್ತ ಕುಳಿತಿದ್ದ ಮಂತ್ರಿ ಅತ್ಕಾ ಖಾನನನ್ನು ಕೊಲ್ಲಿಸಿದ. ಕಚೇರಿಯ ಮತ್ಸರ ಕಚೇರಿಯಲ್ಲೇ ನೆತ್ತರು ಹರಿಸಿತು. ಹತ್ತೊಂಬತ್ತು ವರ್ಷದ ಅಕ್ಬರ್ ಸಿಟ್ಟಿನಲ್ಲಿ ಆಧಮ್ ಖಾನನನ್ನು ಮಹಡಿಯಿಂದ ಕೆಳಗೆ ಎಸೆಸಿದ. ಜೀವ ಉಳಿದಿದೆ ಎಂದು ಕಂಡಾಗ ಮತ್ತೆ ಮೇಲಕ್ಕೆ ತರಿಸಿ ಎರಡನೆಯ ಸಲ ಎಸೆಸಿದ. ಇದೇ ಅಕ್ಬರ್ ಮುಂದೆ 'ಅಖ್ಲಾಕೆ ನಾಸಿರಿ'ಯನ್ನು ಓದಿಸಿ ಕೇಳುತ್ತಿದ್ದ ಎಂದು ಅಬುಲ್ ಫಜಲ್ ದಾಖಲಿಸಿದ್ದಾನೆ. ಅಷ್ಟೇ ಅಲ್ಲ, ಮರಣದಂಡನೆಯ ಹುಕುಂ ಮೂರನೆಯ ಸಲ ಖಚಿತವಾಗುವ ತನಕ ಜಾರಿಯಾಗುತ್ತಿರಲಿಲ್ಲ ಎಂಬ ಮಾತು ಅವನ ಆಸ್ಥಾನವನ್ನು ಕಂಡ ಜೆಸ್ಯೂಟ್ ಪಾದ್ರಿಗಳ ಬರಹಗಳಲ್ಲಿ ಬರುತ್ತದೆ. ಬಹಮನಿ ಸುಲ್ತಾನನಿಗೆ ಇಲ್ಲದ ಬಿಡುವು ಇದು. ಸಿಟ್ಟನ್ನು ಗೆಲ್ಲುತ್ತೇನೆ ಎಂಬ ಮನಸ್ಸಿನ ನಂಬಿಕೆಯಷ್ಟೇ ಸಾಲದು, ಸಿಟ್ಟಿಗೂ ಕೈಗೂ ನಡುವೆ ಒಂದು ನಿಯಮ ಬೇಕು ಎಂಬ ತಿಳಿವಳಿಕೆ ಅದರಲ್ಲಿದೆ.

ಈ ಪುಸ್ತಕಗಳು ಒಂದು ಧರ್ಮದವರ ಸೊತ್ತಾಗಿಯೂ ಉಳಿಯಲಿಲ್ಲ. ಷಹಜಹಾನನ ದರ್ಬಾರಿನ ಹೆಸರಾಂತ ಮುನ್ಷಿ, ಲಾಹೋರಿನ ಚಂದ್ರಭಾನ್ ಬ್ರಾಹ್ಮಣ್ ತನ್ನ ಮಗ ತೇಜಭಾನನಿಗೆ ಬರೆದ ಪತ್ರದಲ್ಲಿ, ಒಳ್ಳೆಯ ಮುನ್ಷಿಯಾಗಬೇಕಾದರೆ ಅಖ್ಲಾಕೆ ನಾಸಿರಿ, ಅಖ್ಲಾಕೆ ಜಲಾಲಿ, ಗುಲಿಸ್ತಾನ್, ಬೋಸ್ತಾನ್ ಓದಬೇಕು ಎಂದು ಹೇಳುತ್ತಾನೆ. ಗ್ರೀಕ್ ವೈದ್ಯನ ಬೀಗದ ಕೈ ಕ್ರೈಸ್ತ ಅನುವಾದಕನ ಕಾಲವನ್ನು ದಾಟಿ, ಮುಸ್ಲಿಂ ಗ್ರಂಥಪಾಲಕನ ಹಾಳೆಗಳನ್ನು ಹಾದು, ಬ್ರಾಹ್ಮಣ ಮುನ್ಷಿಯ ಮಗನ ಪಾಠದ ಪುಸ್ತಕಕ್ಕೆ ಬಂತು.

ನಮ್ಮದೇ ನೆಲದಲ್ಲಿ ಇದಕ್ಕೆ ಮೊದಲೇ, ಹನ್ನೆರಡನೆಯ ಶತಮಾನದಲ್ಲಿ, ಬಿಜ್ಜಳನ ಭಂಡಾರದ ಲೆಕ್ಕ ನೋಡುತ್ತಿದ್ದ ಬಸವಣ್ಣ ಕೋಪವನ್ನು ಮನೆಯೊಳಗಿನ ಬೆಂಕಿಗೆ ಹೋಲಿಸಿದ್ದ. ಅದು ನೆರೆಮನೆಗಿಂತ ಮೊದಲು ತನ್ನ ಮನೆಯನ್ನೇ ಸುಡುವುದು ಎಂಬುದು ಆ ವಚನದ ಎಚ್ಚರಿಕೆ. ಕೋಪಗೊಂಡವನಿಗೆ ಹೇಳುವ ಮಾತಾಗಿ ಇದು ಸತ್ಯ. ಹೇಡ್ರಿಯನ್ನನ ಸೇವಕನನ್ನು ಕೇಳಿದರೆ ಮಾತ್ರ, ನೆರೆಮನೆಯೂ ಸುಟ್ಟಿದೆ ಎಂದಾನು.

ಹಳೆಯ ಪರಂಪರೆಯ ಮಿತಿಯೂ ಇಲ್ಲಿಯೇ ಇದೆ. ಈ ಲೇಖಕರಲ್ಲಿ ಹೆಚ್ಚಿನವರು ಗುಲಾಮಗಿರಿಯನ್ನು ಪ್ರಶ್ನಿಸಲಿಲ್ಲ. ಒಡೆಯ ಸಿಟ್ಟು ಬಿಟ್ಟರೆ ಆಳಿನ ಪುಣ್ಯ, ಬಿಡದಿದ್ದರೆ ಅವನ ಹಣೆಬರಹ. ಆಳಿಗೆ ದೂರು ಕೊಡುವ ಜಾಗವಿರಲಿಲ್ಲ. ಆದರೂ ಒಂದು ವಿಷಯದಲ್ಲಿ ಅವರ ದಿಕ್ಕು ಸರಿಯಾಗಿತ್ತು. ಹತೋಟಿಯ ಪಾಠ ಹೇಳಬೇಕಾದದ್ದು ಯಾರ ಸಿಟ್ಟಿನಿಂದ ಇತರರ ಕಣ್ಣು ಹೋಗುತ್ತದೋ ಅವರಿಗೆ ಎಂಬುದು ಅವರಿಗೆ ಗೊತ್ತಿತ್ತು.

ಇಪ್ಪತ್ತನೆಯ ಶತಮಾನದಲ್ಲಿ ಈ ದಿಕ್ಕು ತಿರುಗಿತು. 1911ರಲ್ಲಿ ಅಮೆರಿಕದ ಫ್ರೆಡರಿಕ್ ಟೇಲರ್ ವೈಜ್ಞಾನಿಕ ನಿರ್ವಹಣೆಯ ಬಗ್ಗೆ ಪುಸ್ತಕ ಬರೆದಾಗ ಕಾರ್ಮಿಕನ ಕೈಚಲನೆಯನ್ನು ಗಡಿಯಾರ ಹಿಡಿದು ಅಳೆಯುವುದೇ ಮುಖ್ಯವಾಗಿತ್ತು, ಅವನ ಮನಸ್ಸು ಲೆಕ್ಕಕ್ಕಿರಲಿಲ್ಲ. ಮನಸ್ಸು ಲೆಕ್ಕಕ್ಕೆ ಬಂದದ್ದು ಶಿಕಾಗೊ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ. ಟೆಲಿಫೋನ್ ಸಾಮಗ್ರಿ ತಯಾರಿಸುತ್ತಿದ್ದ ಆ ಕಾರ್ಖಾನೆಯಲ್ಲಿ 1924ರಿಂದ 1932ರ ತನಕ ಪ್ರಯೋಗಗಳು ನಡೆದವು. ದೀಪದ ಬೆಳಕು ಹೆಚ್ಚು ಕಡಿಮೆ ಮಾಡಿ ನೋಡಿದರು. ಕೆಲವು ಹೆಣ್ಣುಮಕ್ಕಳನ್ನು ಪ್ರತ್ಯೇಕ ಕೋಣೆಯಲ್ಲಿ ಕೂರಿಸಿ ಬಿಡುವಿನ ಸಮಯ ಬದಲಿಸಿ ನೋಡಿದರು. ಕಾರ್ಮಿಕರನ್ನು ಮನುಷ್ಯರಂತೆ ಗಮನಿಸಿದರೆ ಕೆಲಸ ಚೆನ್ನಾಗಿ ಆಗುತ್ತದೆ ಎಂಬ ಪಾಠವನ್ನು ಎಲ್ಟನ್ ಮೇಯೊ ಮತ್ತು ಅವನ ಸಂಗಡಿಗರು ಇದರಿಂದ ತೆಗೆದರು. ಅದು ಜಗತ್ತಿನ ಮ್ಯಾನೇಜ್‌ಮೆಂಟ್ ಕಾಲೇಜುಗಳಿಗೆಲ್ಲ ಹಬ್ಬಿತು. ಹೆಚ್ಚು ಮಾತಾಡುತ್ತಾರೆ, ಸಹಕರಿಸುವುದಿಲ್ಲ ಎಂದು ಆ ಕೋಣೆಯ ಇಬ್ಬರು ಹುಡುಗಿಯರನ್ನು 1928ರಲ್ಲಿ ಹೊರಗೆ ಕಳಿಸಿ ಬೇರೆಯವರನ್ನು ತಂದ ಸಂಗತಿ ಅಷ್ಟಾಗಿ ಹಬ್ಬಲಿಲ್ಲ.

ಅದೇ ಕಾರ್ಖಾನೆಯಲ್ಲಿ ಸುಮಾರು 21 ಸಾವಿರ ಕಾರ್ಮಿಕರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಅವರ ಅಹವಾಲು ಕೇಳಲಾಯಿತು. ಕೇಳುವವರು ವಾದಿಸಬಾರದು, ಬುದ್ಧಿ ಹೇಳಬಾರದು, ಸುಮ್ಮನೆ ಕೇಳಬೇಕು. ಒಳ್ಳೆಯ ಕೆಲಸವೇ. ಊಟದ ಬಗ್ಗೆ ದೂರು ಹೇಳಿಕೊಂಡ ಒಬ್ಬರು ಕೆಲವು ದಿನಗಳ ನಂತರ ಬಂದು, ನೀವು ಮೇಲಿನವರಿಗೆ ತಿಳಿಸಿದ್ದರಿಂದ ಊಟ ಸುಧಾರಿಸಿದೆ ಎಂದು ಧನ್ಯವಾದ ಹೇಳಿದ ಪ್ರಸಂಗವನ್ನು ಸಂಶೋಧಕರು ದಾಖಲಿಸಿದ್ದಾರೆ. ಊಟದಲ್ಲಿ ಏನೂ ಬದಲಾಗಿರಲಿಲ್ಲ. ಮನದ ಭಾರ ಇಳಿಸಿಕೊಂಡರೆ ಮನುಷ್ಯನಿಗೆ ಹಗುರಾಗುತ್ತದೆ ಎಂಬುದಕ್ಕೆ ಅವರು ಇದನ್ನು ಉದಾಹರಿಸಿದರು. ನನಗೆ ಇದರಲ್ಲಿ ಇನ್ನೊಂದು ಪಾಠ ಕಾಣುತ್ತದೆ. ಅಡುಗೆ ಬದಲಿಸುವುದಕ್ಕಿಂತ ಉಣ್ಣುವವರ ಮನಸ್ಸು ಬದಲಿಸುವುದು ಅಗ್ಗ ಎಂದು ಆಡಳಿತಗಳು ಕಲಿತುಕೊಂಡದ್ದು ಆಗಲೇ ಇರಬೇಕು.

ಮುಂದಿನ ಹೆಜ್ಜೆಯನ್ನು ಗುರುತಿಸಿದವರು ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್. 1983ರಲ್ಲಿ ಪ್ರಕಟವಾದ ಅವರ 'ದಿ ಮ್ಯಾನೇಜ್ಡ್ ಹಾರ್ಟ್' ಪುಸ್ತಕ ವಿಮಾನದ ಪರಿಚಾರಿಕೆಯರನ್ನೂ ಸಾಲ ವಸೂಲಿ ಮಾಡುವವರನ್ನೂ ಕುರಿತದ್ದು. ಪರಿಚಾರಿಕೆ ಬೈಗಳು ತಿಂದರೂ ನಗಬೇಕು, ವಸೂಲಿಗಾರ ಮರುಕ ಹುಟ್ಟಿದರೂ ಗದರಬೇಕು. ಎರಡೂ ಕಡೆ ಸಂಬಳಕ್ಕೆ ಮಾರಾಟವಾಗುವುದು ಮನಸ್ಸು. ಇದಕ್ಕೆ ಅವರು ಭಾವನೆಯ ದುಡಿಮೆ ಎಂದು ಹೆಸರಿಟ್ಟರು. ಅಲ್ಲೊಂದು ಪ್ರಸಂಗ ಬರುತ್ತದೆ. ಪ್ರಯಾಣಿಕನೊಬ್ಬ ಪರಿಚಾರಿಕೆಗೆ ಯಾಕೆ ನಗುತ್ತಿಲ್ಲ ಎಂದು ಕೇಳುತ್ತಾನೆ. ನೀವು ಮೊದಲು ನಗಿ ಎನ್ನುತ್ತಾಳೆ ಅವಳು. ಅವನು ನಕ್ಕಾಗ, ಇನ್ನು ಹದಿನೈದು ಗಂಟೆ ಹಾಗೆಯೇ ಇರಿ ಎಂದು ಹೇಳಿ ಹೊರಟುಹೋಗುತ್ತಾಳೆ.

2000ದ ಆಸುಪಾಸಿನಲ್ಲಿ ಬೆಂಗಳೂರಿನಲ್ಲಿ ಕಾಲ್ ಸೆಂಟರುಗಳು ತೆರೆದಾಗ ಈ ದುಡಿಮೆ ನಮ್ಮ ಮನೆಯಂಗಳಕ್ಕೇ ಬಂತು. ನಮ್ಮ ಜಿಲ್ಲೆಗಳಿಂದ ಹೋದ ಹುಡುಗ ಹುಡುಗಿಯರು ಅಮೆರಿಕದ ಹಗಲಿಗಾಗಿ ಇಲ್ಲಿಯ ರಾತ್ರಿಯನ್ನು ಬಿಟ್ಟುಕೊಟ್ಟರು. ಅನೇಕರು ಫೋನಿನಲ್ಲಿ ಪರದೇಶಿ ಹೆಸರು ಇಟ್ಟುಕೊಂಡರು, ಉಚ್ಚಾರ ತಿದ್ದಿಕೊಂಡರು. ಕಾಣದ ಗಿರಾಕಿ ಬೈದರೆ ಬೈಸಿಕೊಂಡದ್ದು ಆ ಇಟ್ಟುಕೊಂಡ ಹೆಸರು. ಆದರೆ ಬೆಳಗ್ಗೆ ಮನೆಗೆ ಬಂದು ನಿದ್ದೆ ಬಾರದೆ ಹೊರಳಾಡಿದ್ದು ತಂದೆತಾಯಿ ಇಟ್ಟ ಹೆಸರು.

ಇದೇ ಹೊತ್ತಿಗೆ ಭಾವನಾತ್ಮಕ ಬುದ್ಧಿವಂತಿಕೆ ಎಂಬ ಮಾತು ಮನೆಮಾತಾಯಿತು. 1990ರಲ್ಲಿ ಪೀಟರ್ ಸಲೊವೆ ಮತ್ತು ಜಾನ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ಇದನ್ನು ಒಂದು ಲೇಖನದಲ್ಲಿ ವಿವರಿಸಿದರು. ತನ್ನ ಮತ್ತು ಇತರರ ಭಾವನೆಗಳನ್ನು ಗುರುತಿಸುವುದು, ಅವುಗಳಲ್ಲಿ ವ್ಯತ್ಯಾಸ ತಿಳಿಯುವುದು, ಆ ತಿಳಿವಳಿಕೆಯನ್ನು ಯೋಚನೆಗೂ ನಡೆಗೂ ಬಳಸುವುದು ಎಂಬುದು ಅವರ ಅರ್ಥ. ಭಾವನೆ ಎಂದರೆ ಮೈಯೊಳಗಿನ ತಕರಾರಲ್ಲ, ಅದೊಂದು ಸುದ್ದಿ. 1995ರಲ್ಲಿ ಡೇನಿಯಲ್ ಗೋಲ್‌ಮನ್ ಬರೆದ ಪುಸ್ತಕ ಈ ವಿಚಾರವನ್ನು ಜಗತ್ತಿಗೆಲ್ಲ ಮುಟ್ಟಿಸಿತು. ಆದರೆ ಕಂಪನಿಗಳ ತರಬೇತಿ ಕೋಣೆಗೆ ಬರುವಷ್ಟರಲ್ಲಿ 'ಇತರರ ಭಾವನೆ' ಎಂಬ ಅರ್ಧ ಎಷ್ಟೋ ಕಡೆ ಬಿದ್ದುಹೋಗಿ, 'ನಿನ್ನ ಸಿಟ್ಟನ್ನು ನೀನು ನೋಡಿಕೋ' ಎಂಬ ಅರ್ಧ ಮಾತ್ರ ಉಳಿಯಿತು. ಸಂಬಳ ತಡವಾದರೂ, ರಜೆ ಸಿಗದಿದ್ದರೂ ಉಸಿರನ್ನು ದೀರ್ಘವಾಗಿ ಎಳೆದುಕೊಳ್ಳಬೇಕು! ಉಸಿರಾಟ ಒಳ್ಳೆಯದೇ. ಗಂಟಲಲ್ಲಿ ಸಿಕ್ಕಿಕೊಂಡದ್ದು ಏನು ಎಂದು ಕೇಳುವವರೂ ಬೇಕು.

ಕೇಳುವವರು ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರು 2016ರ ಏಪ್ರಿಲ್‌ನಲ್ಲಿ ಕಂಡಿತು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷದ ತನಕ ತೆಗೆಯುವಂತಿಲ್ಲ ಎಂಬ ಹೊಸ ನಿಯಮವನ್ನು ಕೇಂದ್ರ ಸರ್ಕಾರ ತಂದಿತ್ತು. ಗಾರ್ಮೆಂಟ್ಸ್ ಕೆಲಸದಲ್ಲಿ 58ರ ತನಕ ಉಳಿಯುವ ಹೆಣ್ಣುಮಕ್ಕಳು ಎಷ್ಟು ಮಂದಿ? ಕೆಲಸ ಬಿಟ್ಟಾಗ ಕೈಗೆ ಬರುವ ಆ ಹಣವೇ ಮಗಳ ಮದುವೆ, ಮಗನ ಓದು, ಕೈಸಾಲದ ಬಡ್ಡಿ. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಣ್ಣುಮಕ್ಕಳು ಹೊಲಿಗೆ ಯಂತ್ರ ಬಿಟ್ಟು ರಸ್ತೆಗಿಳಿದರು. ಹೊಸೂರು ರಸ್ತೆ ನಿಂತುಹೋಯಿತು. ಕಲ್ಲೇಟು, ಲಾಠಿ, ಬೆಂಕಿ ಎಲ್ಲವೂ ಆಯಿತು. 19ರಂದೇ ಸರ್ಕಾರ ನಿಯಮವನ್ನು ಹಿಂತೆಗೆದುಕೊಂಡಿತು. ಅಲ್ಲಿಯ ತನಕ ಸೂಪರ್‌ವೈಸರ್ ಬೈದರೆ ತಲೆತಗ್ಗಿಸಿ ಹೊಲಿಯುತ್ತಿದ್ದವರು ಇವರೇ. ಅವರ ಸಿಟ್ಟು ಒಂದು ಸುದ್ದಿಯಾಗಿತ್ತು. ಅದನ್ನು ಓದಲು ಬಾರದವರು ರಸ್ತೆಯಲ್ಲಿ ಓದಬೇಕಾಯಿತು.

ಹಾಗಾದರೆ ಕೆಲಸದ ಜಾಗದಲ್ಲಿ ಮನಸ್ಸನ್ನು ಹದದಲ್ಲಿಡುವ ವಿದ್ಯೆ ಬೇಡವೇ? ಖಂಡಿತ ಬೇಕು. ಸಿಟ್ಟನ್ನು ಸಂಭಾಳಿಸಲು ತಿಳಿಯದವನು ಗುಮಾಸ್ತನಾದರೂ ತನ್ನ ಮನೆಯವರನ್ನು ನೋಯಿಸುತ್ತಾನೆ. ಆದರೆ ಆ ಪಾಠ ದೊಡ್ಡ ಕುರ್ಚಿಯಿಂದ ಆರಂಭವಾಗಬೇಕು. ಬಲ್ಖಿ ಹೇಳಿದ ಔಷಧಿಯನ್ನು ಒಬ್ಬೊಬ್ಬರ ಮನಸ್ಸಿನಲ್ಲಿ ಮಾತ್ರವಲ್ಲ, ಸಂಸ್ಥೆಯ ನಿಯಮಗಳಲ್ಲೂ ಶಾಂತಕಾಲದಲ್ಲೇ ತುಂಬಿಡಬೇಕು. ವಿಚಾರಣೆಯಿಲ್ಲದೆ ಯಾರನ್ನೂ ತೆಗೆಯಬಾರದು ಎಂಬ ನಿಯಮ ಗಾವಾನನಿಗೆ ಸಿಗದ ಒಂದು ರಾತ್ರಿ. ಹತ್ತು ಅಥವಾ ಹೆಚ್ಚು ಜನರಿರುವ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳದ ದೂರು ಕೇಳಲು ಸಮಿತಿ ಇರಲೇಬೇಕು ಎಂದು 2013ರ ಕಾಯ್ದೆ ಹೇಳಿತು. ಅದು ಯಾವ ಸಾಹೇಬನೂ ಕೊಟ್ಟ ಬಳುವಳಿಯಲ್ಲ. 1992ರಲ್ಲಿ ರಾಜಸ್ಥಾನದಲ್ಲಿ ಬಾಲ್ಯವಿವಾಹ ತಡೆಯುವ ಕೆಲಸ ಮಾಡುತ್ತಿದ್ದ ಭಂವರಿ ದೇವಿಯ ಮೇಲೆ ನಡೆದ ಅತ್ಯಾಚಾರ, ಆಕೆ ಸುಮ್ಮನಿರಲು ಒಪ್ಪದೆ ನಡೆಸಿದ ಹೋರಾಟ, 1997ರ ವಿಶಾಖಾ ತೀರ್ಪು, ಇವುಗಳ ದಾರಿಯಲ್ಲಿ ಬಂದದ್ದು. ನುಂಗಿಕೊಳ್ಳದ ಗುಸ್ಸಾ ಅಲ್ಲಿ ಕಾನೂನಾಯಿತು.

ಇಷ್ಟನ್ನು ಓದುತ್ತ ನಾವು ನಮ್ಮ ನಮ್ಮ ಮೇಲಧಿಕಾರಿಯ ಮುಖ ನೆನೆದುಕೊಳ್ಳುವುದು ಸಹಜ. ಆದರೆ ಕಚೇರಿಯಲ್ಲಿ ಗುಮಾಸ್ತನಾದವನು ಮನೆಗೆ ಬಂದರೆ, ಪಾತ್ರೆ ತೊಳೆಯಲು ಬರುವ ಹೆಂಗಸಿನ ಪಾಲಿಗೆ ತಾನೇ ಸಾಹೇಬ. ಅಂಗಡಿಯ ಹುಡುಗನಿಗೆ ಮಾಲೀಕ ಸಾಹೇಬ, ಹೊಸ ಶಿಕ್ಷಕಿಗೆ ಮುಖ್ಯೋಪಾಧ್ಯಾಯರು ಸಾಹೇಬರು. ಕೆಲಸದಾಕೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತ, ಅಕ್ಕ ಇವತ್ತು ಹೇಗಿದ್ದಾರೆ ಎಂದು ಮನೆಯ ಮಗುವನ್ನು ಮೆಲ್ಲಗೆ ಕೇಳುತ್ತಾಳೆ. ಆಕೆಯ ಮಿಜಾಜು ಹೇಗಿದೆ ಎಂದು ಆ ಮನೆಯಲ್ಲಿ ಯಾರಾದರೂ ಕೇಳಿದ್ದಾರೆಯೇ?